ಬೆಟಗೇರಿ, ಮುಂಡರಗಿ ಮತ್ತು ಲಿಕ್ಟೆನ್‌ಸ್ಟೈನ್

ನಾನು ಎಂದೂ ಕಾಲಿಡದ ಒಂದು ದೇಶ ಕನಸಿಗೆ ಬಂದಾಗಲೆಲ್ಲ ಡಂಬಳದ ಕೆರೆಯ ಆಚೆ ದಂಡೆಯ ಮೇಲಿರುತ್ತದೆ. ಗದಗಿನಿಂದ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ಬಲಗಡೆಯ ಕಿಟಕಿಗೆ ತಲೆಯಾನಿಸಿ ಕಣ್ಣು ಅರೆಮುಚ್ಚಿದರೆ ಸಾಕು, ಕಪ್ಪತಗುಡ್ಡದ ಸಾಲು ನೀಲಿಯಾಗಿ ಮೇಲೇಳುತ್ತದೆ, ಗುಡ್ಡದ ನೆತ್ತಿಯ ಗಾಳಿ ಫ್ಯಾನುಗಳು ನಿದ್ದೆಗಣ್ಣಿನಲ್ಲಿ ತಿರುಗುತ್ತವೆ, ಕೆರೆಯ ನೀರು ರೈನ್ ನದಿಯಾಗಿ ಹರಿಯತೊಡಗುತ್ತದೆ. ಎಚ್ಚರವಾದಾಗ ಕಂಡಕ್ಟರು ಚಿಲ್ಲರೆ ಕೇಳುತ್ತಿರುತ್ತಾನೆ.

ಆ ದೇಶದ ಹೆಸರು ಲಿಕ್ಟೆನ್‌ಸ್ಟೈನ್. ಯೂರೋಪಿನ ನಡುವೆ, ಸ್ವಿಟ್ಜರ್ಲೆಂಡಿಗೂ ಆಸ್ಟ್ರಿಯಾಕ್ಕೂ ಮಧ್ಯೆ, ಗಾದಿಯ ಹೊಲಿಗೆಯಲ್ಲಿ ಸಿಕ್ಕಿಕೊಂಡ ಹತ್ತಿಕಾಳಿನ ಹಾಗೆ ಕುಳಿತಿದೆ. ಅದರ ವಿದೇಶ ಸಂಬಂಧಗಳ ಇತಿಹಾಸದ ಮೇಲೆ ನಾನು ಧಾರವಾಡದಲ್ಲಿ ಕುಳಿತು ಪ್ರಬಂಧ ಬರೆದೆ. ಅದರಿಂದ ಡಾಕ್ಟರೇಟ್ ಬಂತು, ಗದಗಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಬಂತು. ಆ ವಿಷಯವನ್ನೇ ಯಾಕೆ ಹಿಡಿದೆ ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಬೇರೆ ಯಾರೂ ಮುಟ್ಟಿರದ ವಿಷಯವಾಗಿತ್ತು ಎಂಬುದು ಒಂದು. ಅಜ್ಜಿಯ ಕಥೆಯೇ ಕಾರಣ ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವಾಗ ನನಗೇ ಅನುಮಾನ.

ಅಜ್ಜಿ ಸಣ್ಣವಳಿದ್ದಾಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗ್ಲಿಯವರದು. ಗದಗ, ಮುಂಡರಗಿ ಇಂಗ್ಲಿಷರವು. ಅವಳ ಅಪ್ಪ ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ಊರಿಂದ ಊರಿಗೆ ಹೋಗುತ್ತಿದ್ದರಂತೆ. ಮುಂಜಾನೆ ಒಬ್ಬ ರಾಜನ ಸೀಮೆಯಲ್ಲಿ ರೊಟ್ಟಿ ತಿಂದವರು ಮಧ್ಯಾಹ್ನ ಇನ್ನೊಬ್ಬ ರಾಜನ ಸೀಮೆಯಲ್ಲಿ ನೀರು ಕುಡಿಯುತ್ತಿದ್ದರಂತೆ. ಗಡಿಯ ಹತ್ತಿರ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದ ಕಾವಲುಗಾರ ಇವರನ್ನು ತಡೆದು, ‘ಒಂದ್ಸಲ ಬಾರಿಸಿ ಹೋಗು’ ಎನ್ನುತ್ತಿದ್ದನಂತೆ. ಅವರು ಬಿಲ್ಲಿನ ತಂತಿಯನ್ನು ಒಮ್ಮೆ ಮೀಟಿ ಗಡಿ ದಾಟುತ್ತಿದ್ದರಂತೆ. ಆ ಝೇಂಕಾರ ನನ್ನ ಕಿವಿಯಲ್ಲಿ ಈಗಲೂ ಇದೆ. ಅಜ್ಜಿ ಈ ಕಥೆ ಹೇಳಿದ್ದು ಖರೆಯೋ, ಪ್ರಬಂಧ ಬರೆಯುವ ದಿನಗಳಲ್ಲಿ ಯಾವುದೋ ಮಧ್ಯಾಹ್ನ ನಾನೇ ಕಟ್ಟಿಕೊಂಡದ್ದೋ ಹೇಳಲಾರೆ. ಮನೆಯಲ್ಲಿ ಬೇರೆ ಯಾರಿಗೂ ಆ ಕಾವಲುಗಾರ ಗೊತ್ತಿಲ್ಲ.

ನಮ್ಮದು ಪಿಂಜಾರರ ಮನೆತನ. ಹತ್ತಿ ಹಿಂಜಿ ಗಾದಿ, ದಿಂಬು ಮಾಡುವುದು ಕಸಬು. ಹಿಂಜಿದ ಹತ್ತಿಗೆ ನಮ್ಮವರು ಅರಳಿ ಅನ್ನುತ್ತಾರೆ. ಅಪ್ಪ ಬೆಟಗೇರಿಯಲ್ಲಿ, ನೇಕಾರರ ಮಗ್ಗಗಳ ಸಪ್ಪಳದ ನಡುವೆ ಈಗಲೂ ಬಿಲ್ಲು ಹಿಡಿದು ಕೂರುತ್ತಾರೆ. ಫೋಮ್ ಗಾದಿ ಬಂದ ಮೇಲೆ ಕೆಲಸ ಕಡಿಮೆಯಾಗಿದೆ, ಕೈ ಮಾತ್ರ ಸುಮ್ಮನಿರುವುದಿಲ್ಲ. ಅಪ್ಪನ ತಮ್ಮ, ನನ್ನ ಕಾಕಾ, ಮುಂಡರಗಿಯಲ್ಲಿ ಅದೇ ಕೆಲಸ ಮಾಡುತ್ತಾರೆ. ಇಬ್ಬರ ನಡುವೆ ಹುಟ್ಟಿದ ಅತ್ತೆ ಲಕ್ಷ್ಮೇಶ್ವರದಲ್ಲಿದ್ದಾರೆ.

ಕಾಕಾ ಕರೆಂಟಿನ ಮೇಲೆ ಓಡುವ ಹಿಂಜುವ ಮಶಿನ್ ತಂದು ಕೂರಿಸಿದ ದಿನ ಅಣ್ಣ ತಮ್ಮಂದಿರ ಮಾತು ನಿಂತಿತು. ಅಪ್ಪ ನೋಡಲು ಹೋಗಿದ್ದರು. ಮಶಿನ್ನಿನ ಮುಂದೆ ನಿಂತು ಏನೋ ಅಂದರು. ಏನು ಅಂದರು ಎಂಬುದಕ್ಕೆ ನನ್ನ ಹತ್ತಿರ ಬೇರೆ ಬೇರೆ ಪಾಠಗಳಿವೆ. ಅಪ್ಪನ ಪ್ರಕಾರ, ‘ಅರಳಿ ಹುಡಿ ಆಗಾಕತ್ತೈತಿ ಅಂದೆ, ಅಷ್ಟ.’ ಕಾಕಾನ ಪ್ರಕಾರ, ‘ಹತ್ತಿ ಕೊಲ್ಲೂ ಕಸಬು ಹಿಡದಿ ಅಂದಾ, ಗಿರಾಕಿ ಎದುರಿಗೆ.’ ಅತ್ತೆಯನ್ನು ಕೇಳಿದರೆ, ‘ಇಬ್ಬರೂ ಅಂದಾರ, ಇಬ್ಬರೂ ಮರತಾರ’ ಎನ್ನುತ್ತಾರೆ. ನನ್ನ ನೆನಪಿನಲ್ಲಿ ನಾನೂ ಅಲ್ಲೇ, ಚಹದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ. ಆದರೆ ಆ ವರ್ಷ ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದೆ. ಹಾಗಾದರೆ ಆ ಕಪ್ಪು ಯಾರದು?

ಅಂದಿನಿಂದ ಬೆಟಗೇರಿಯ ಮಾತು ಮುಂಡರಗಿಗೆ ನೇರವಾಗಿ ಹೋಗಲಿಲ್ಲ. ಲಕ್ಷ್ಮೇಶ್ವರದ ಮೇಲೆ ಸುತ್ತಿ ಹೋಯಿತು. ಅಪ್ಪ ಅತ್ತೆಗೆ ಹೇಳಬೇಕು, ಅತ್ತೆ ಬಸ್ಸು ಹತ್ತಿ ಶಿರಹಟ್ಟಿಯಲ್ಲಿ ಇಳಿದು ಮುಂಡರಗಿಯ ಬಸ್ಸು ಹಿಡಿಯಬೇಕು, ಕಾಕಾನ ಮನೆಯಲ್ಲಿ ಕೂತು ಹೇಳಬೇಕು. ಉತ್ತರ ಅದೇ ದಾರಿಯಲ್ಲಿ ಮರಳಬೇಕು. ಎಲ್ಲರ ಕೈಯಲ್ಲೂ ಫೋನಿದೆ. ಆದರೆ ಫೋನಿನ ಮಾತಿಗೆ ಮುಖವಿಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಅಣ್ಣ ತಮ್ಮ ಇಬ್ಬರದೂ ಒಂದೇ ಅಭಿಪ್ರಾಯ.

ನನಗೆ ಇದು ವಿಚಿತ್ರವೆನಿಸಲಿಲ್ಲ. ನಾನು ಓದಿದ ದೇಶವೂ ಹೀಗೆಯೇ ಬದುಕಿತ್ತು. ಜಗತ್ತಿನ ಹೆಚ್ಚಿನ ಊರುಗಳಲ್ಲಿ ಅದಕ್ಕೆ ತನ್ನದೇ ರಾಯಭಾರ ಕಚೇರಿ ಇಲ್ಲ. ಅದರ ಪರವಾಗಿ ಸ್ವಿಟ್ಜರ್ಲೆಂಡಿನವರು ಮಾತಾಡುತ್ತಾರೆ. ಅದಕ್ಕೂ ಮುಂಚೆ ಆಸ್ಟ್ರಿಯಾದ ನೆರಳಿನಲ್ಲಿತ್ತು. ಸುಂಕದ ವ್ಯವಹಾರವೆಲ್ಲ ಅವರ ಜೊತೆಗೇ. ಮೊದಲನೆಯ ಮಹಾಯುದ್ಧ ಮುಗಿದು ಆ ದೊಡ್ಡ ಸಾಮ್ರಾಜ್ಯ ಕುಸಿದಾಗ ಈ ಸಣ್ಣ ದೇಶ ಒಂದು ಮುಂಜಾನೆ ಎದ್ದು, ನನ್ನ ಮಾತು ಇನ್ನು ಯಾರು ಹೊರುತ್ತಾರೆ ಎಂದು ಸುತ್ತ ನೋಡಿತು. ಮುಂಜಾನೆ ಎಂಬುದು ನಾನು ಸೇರಿಸಿದ್ದು. ದಾಖಲೆಯಲ್ಲಿ ಹೊತ್ತು ಹೇಳಿಲ್ಲ.

ನಮ್ಮಲ್ಲಿ ಆ ಮುಂಜಾನೆ ಹೋದ ವರ್ಷ ಬಂತು. ಅತ್ತೆಯ ಮೊಣಕಾಲುಗಳು ಬಸ್ಸಿನ ಮೆಟ್ಟಿಲು ಹತ್ತಲಾರೆವು ಎಂದು ಹೇಳಿಬಿಟ್ಟವು. ಅದೇ ಹೊತ್ತಿಗೆ ಕಾಕಾನ ಕೊನೆಯ ಮಗಳ ನಿಕಾಹ್ ಗೊತ್ತಾಯಿತು.

ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಮದುಮಗಳು ಗಂಡನ ಮನೆಗೆ ಒಯ್ಯುವ ಗಾದಿಗೆ ಮೊದಲ ಹಿಡಿ ಹತ್ತಿಯನ್ನು ಮನೆತನದ ಹಿರಿಯನೇ ಹಾಕಬೇಕು. ಹಿರಿಯ ಎಂದರೆ ಈಗ ನನ್ನ ಅಪ್ಪ. ನನ್ನ ಅಕ್ಕಂದಿರ, ಕಾಕಾನ ಹಿರಿಯ ಹೆಣ್ಣುಮಕ್ಕಳ ಗಾದಿಗಳಿಗೆ ಅಜ್ಜ ಹಾಕಿದ್ದರು, ಅತ್ತೆಯ ಮಕ್ಕಳ ಗಾದಿಗಳಿಗೆ ಅಪ್ಪ ಹಾಕಿದ್ದರು. ಹಿರಿಯನ ಕೈ ಬೀಳದ ಗಾದಿ ತೆಗೆದುಕೊಂಡು ಹೋದವರು ನಮ್ಮಲ್ಲಿ ಇಲ್ಲ. ಆ ಹುಡುಗಿ, ನನ್ನ ತಂಗಿ, ಮುಂಡರಗಿಯಲ್ಲಿ ಟೀಚರು. ಮೊಂಡು ಸ್ವಭಾವ ಅಪ್ಪನದೇ. ‘ದೊಡ್ಡಪ್ಪ ಅರಳಿ ಹಾಕಲಿಲ್ಲ ಅಂದ್ರ ನಾ ಗಾದಿ ಒಯ್ಯೂದಿಲ್ಲ, ನೆಲದ ಮ್ಯಾಲ ಮಲಗ್ತೀನಿ’ ಎಂದು ಮನೆಯಲ್ಲಿ ಹೇಳಿ ಕೂತಳು.

ಅತ್ತೆ ನನ್ನನ್ನು ಲಕ್ಷ್ಮೇಶ್ವರಕ್ಕೆ ಕರೆಸಿಕೊಂಡರು. ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಅಂದರು:

‘ನಂದು ಮುಗೀತಪ್ಪ. ಇನ್ನ ನೀನ ತಿರಗು.’

‘ನಾ ಏನ ಮಾಡ್ಲಿ ಅತ್ತೀ?’

‘ಏನ ಮಾಡ್ಲಿ ಅಂತಾನ. ದೇಶ ದೇಶದ ನಡುವಿನ ಮಾತು ಓದಿ ಡಾಕ್ಟರ್ ಆಗೀದಿ. ಮುಂಡರಗಿಗೆ ಹೋಗಿ ಬರಾಕ ಆಗೂದಿಲ್ಲೇನು?’

ಹೋದೆ. ಕಾಕಾ ಮಶಿನ್ ಮುಂದೆಯೇ ಕೂತಿದ್ದರು. ಮೂಗಿಗೆ ಕಟ್ಟಿದ ಬಟ್ಟೆ, ಹುಬ್ಬಿನ ಮೇಲೆ ಬಿಳಿ ಹಿಂಜು. ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಿದ್ದವು. ನಾನು ವಿಷಯ ಎತ್ತಿದೆ. ಅವರು ಮಶಿನ್ ನಿಲ್ಲಿಸಿದರು.

‘ನಾ ಬ್ಯಾಡ ಅಂದೀನೇನು? ನನ್ನ ಮಗಳ ಗಾದಿಗೆ ನನ್ನ ಮಶಿನ್ದ ಅರಳಿ. ಅದನ್ನ ಮುಟ್ಟಾಕ ಅವಗ ಮೈಲಿಗಿ ಅನಸಿದ್ರ ಬಿಡ್ಲಿ. ಬೇಕಾದ್ರ ಬರ್ಲಿ.’

ನಾನು ಬೆಟಗೇರಿಗೆ ಬಂದು ಅಪ್ಪನ ಮುಂದೆ ಕೂತು, ಕಾಕಾ ಹೇಳಿದ್ದನ್ನು ಅವರ ಮಾತಿನಲ್ಲೇ ಒಪ್ಪಿಸಿದೆ. ‘ಮೈಲಿಗಿ’ಯನ್ನೂ ಬಿಡಲಿಲ್ಲ. ನನಗೆ ನೆನಪಿರುವ ಮಟ್ಟಿಗೆ ಹೀಗೆ ಅಂದರು, ಒಂದೆರಡು ಮಾತು ಹಿಂದೆಮುಂದೆ ಆಗಿರಬಹುದು ಎಂದೂ ಸೇರಿಸಿದೆ. ಪ್ರಬಂಧ ಬರೆಯುವಾಗ ಕಲಿತ ಶಿಸ್ತು ಅದು: ಯಾರ ಮಾತನ್ನೂ ತಿದ್ದಬಾರದು.

ಅಪ್ಪ ಬಿಲ್ಲಿನ ತಂತಿಯನ್ನು ಬೆರಳಿನಿಂದ ಮುಟ್ಟಿ ಬಿಟ್ಟರು. ‘ಬಿಟ್ಟೆ ಅಂತ ಹೇಳು.’

ಅದನ್ನೂ ಒಯ್ದೆ. ಕಾಕಾ ಎದ್ದು ಮಶಿನ್ ಚಾಲೂ ಮಾಡಿದರು. ಮನೆಗೆ ಮುಟ್ಟುವ ಮೊದಲೇ ತಂಗಿಯ ಫೋನು.

‘ಅಣ್ಣಾ, ನೀ ಡಾಕ್ಟರೋ ಏನ ಟಪಾಲಿನವನೋ?’

‘ಅವ್ರು ಅಂದದ್ದ ಹೇಳೇನವಾ.’

‘ಅದನ್ನ ನಾನೂ ಹೇಳಾಕತ್ತೀನಿ. ಅಂದದ್ದನ್ನ ಹೇಳಾಕ ನಿನ್ನ ಯಾಕ ಕಳಸಬೇಕಾಗಿತ್ತು? ನಾ ನೆಲದ ಮ್ಯಾಲ ಮಲಗೂದು ಪಕ್ಕಾ ಆತು. ಭಾಳ ಉಪಕಾರ ಆತು ನಿನ್ನಿಂದ.’

ನಗುತ್ತಲೇ ಅಂದಳು. ಫೋನಿಟ್ಟ ಮೇಲೆ ನಕ್ಕಿರಲಿಕ್ಕಿಲ್ಲ.

ಅತ್ತೆಗೆ ಸುದ್ದಿ ಮುಟ್ಟಿತ್ತು. ಮುಂದಿನ ರವಿವಾರ ನಾನು ಮುಳಗುಂದ ದಾಟಿ ಲಕ್ಷ್ಮೇಶ್ವರದಲ್ಲಿ ಇಳಿದು ಅವರ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಶುರುವಾಯಿತು.

‘ಅಲ್ಲೋ, ಅಂವ ಅಲ್ಲಿ ಅಂದದ್ದನ್ನ ಇಲ್ಲಿ ತಂದು ಅಂದಿ?’

‘ಅತ್ತೀ, ಅದು ಅವರ ಮಾತು. ನಾ ಬದಲಿ ಮಾಡಿದ್ರ ಸುಳ್ಳ ಆಗ್ತೈತಿ.’

‘ಬಾಯಾಗಿಂದ ಬಂದದ್ದೆಲ್ಲಾ ಮಾತೇನೋ? ಕೆಮ್ಮೂ ಬಾಯಾಗಿಂದ ಬರ್ತೈತಿ. ಅದನ್ನೂ ಹೊತಗೊಂಡು ಬಂದಿ ನೋಡು ನೀ.’

‘ಮತ್ತ ಇಷ್ಟು ವರ್ಷ ನೀವು ಏನ ಒಯ್ತಿದ್ರಿ?’

‘ನಾ ಏನ ಒಯ್ತಿದ್ದೆ? ಹೋಗ್ತಿದ್ದೆ, ಕುಂಡರ್ತಿದ್ದೆ. ಚಾ ಕುಡೀತಿದ್ದೆ. ಏಳೂ ಮುಂದ, ಅಣ್ಣನ ಕಣ್ಣಾಗ ಪೊರಿ ಬಂದೈತಿ ಅಂತಿದ್ದೆ. ಈ ಕಡಿ ಬಂದು, ತಮ್ಮಗ ಸಕ್ಕರಿ ಹೆಚ್ಚಾಗೈತಿ ಅಂತಿದ್ದೆ. ಅಷ್ಟ.’

ಅಷ್ಟೇ ಇತ್ತೇ? ನನ್ನ ನೆನಪಿನಲ್ಲಿ ಅತ್ತೆ ದೊಡ್ಡ ದೊಡ್ಡ ಸಂದೇಶಗಳನ್ನು ಹೊತ್ತು ಓಡಾಡುತ್ತಿದ್ದರು: ಇದಕ್ಕೆ ಒಪ್ಪಿಗೆ, ಅದಕ್ಕೆ ಇಲ್ಲ, ಇಂಥ ದಿನ ಬರಲಿ. ಅವನ್ನೆಲ್ಲ ನಾನೇ ನನ್ನ ಓದಿನಿಂದ ತಂದು ಅವರ ಬಾಯಿಗೆ ಹಚ್ಚಿದ್ದೆನೇನೋ. ಒಪ್ಪಂದಗಳ ಪಠ್ಯ ಓದಿದ್ದೆ. ಒಪ್ಪಂದಕ್ಕೆ ಮುಂಚೆ ಎಷ್ಟು ಚಹ ಆಗಿತ್ತು ಎಂಬುದು ಅದರಲ್ಲಿ ಇರುವುದಿಲ್ಲ.

ಆ ಮಧ್ಯಾಹ್ನ ಅತ್ತೆ ಷರತ್ತುಗಳನ್ನು ಹೇಳಿದರು. ಗಾದಿ ಬೆಟಗೇರಿಯಲ್ಲೂ ಆಗುವುದಿಲ್ಲ, ಮುಂಡರಗಿಯಲ್ಲೂ ಆಗುವುದಿಲ್ಲ, ಅತ್ತೆಯ ಅಂಗಳದಲ್ಲಿ ಆಗುತ್ತದೆ. ಅಣ್ಣ ತಮ್ಮನ ಮನೆಗೆ ಹೋದಂತಾಗುವುದಿಲ್ಲ, ತಮ್ಮ ಅಣ್ಣನನ್ನು ಕರೆದಂತಾಗುವುದಿಲ್ಲ. ಇಬ್ಬರೂ ಅಕ್ಕತಂಗಿಯ ಮನೆಗೆ ಬಂದಂತಾಗುತ್ತದೆ. ಮಾತಾಡಲೇಬೇಕು ಎಂದಿಲ್ಲ. ಹತ್ತಿಯ ತಕರಾರು ಉಳಿಯಿತು.

‘ಕೆಳಗಿಂದು ಮಶಿನ್ದು, ಮ್ಯಾಲಿಂದು ಬಿಲ್ಲಿಂದು’ ಅಂದರು ಅತ್ತೆ. ‘ಅಣ್ಣಗ ಮ್ಯಾಲ ತನ್ನದೈತಿ ಅಂತ ಖುಷಿ. ತಮ್ಮಗ ಭಾರ ತಾನ ಹೊತ್ತೀನಿ ಅಂತ ಖುಷಿ. ಹೋಗು. ಈ ಸಲ ಏನೂ ಒಯ್ಯಬ್ಯಾಡ.’

ಮುಂಡರಗಿಗೆ ಹೋಗಿ ಕೂತೆ. ಚಹ ಬಂತು, ಕುಡಿದೆ. ಮಳೆ, ಹತ್ತಿಯ ಧಾರಣೆ, ಮಶಿನ್ನಿನ ಬೆಲ್ಟು, ಹೀಗೆ ಏನೇನೋ ಮಾತಾಯಿತು. ಏಳುವ ಮುಂದೆ, ಅಪ್ಪನ ಎಡಗಣ್ಣಿಗೆ ಈಗ ದಬ್ಬಣದ ಕಣ್ಣು ಕಾಣುವುದಿಲ್ಲ ಎಂದೆ. ಅದು ಖರೆಯೇ ಆಗಿತ್ತು. ಆಮೇಲೆ ಅತ್ತೆಯ ಅಂಗಳದ ವಿಷಯ ತೆಗೆದೆ. ಕಾಕಾ ಕಪ್ಪು ಕೆಳಗಿಟ್ಟು, ‘ಅಕ್ಕ ಅಂದ ಮ್ಯಾಲ ಏನೈತಿ’ ಅಂದರು. ಬೆಟಗೇರಿಯಲ್ಲೂ ಹಾಗೆಯೇ. ಅಪ್ಪ ಕೇಳಿದ್ದು ಒಂದೇ: ‘ಮ್ಯಾಲಿಂದು ನಂದಲಾ?’

ಆಮೇಲೆ ಬಿಲ್ಲಿಗೆ ಎಣ್ಣೆ ಹಚ್ಚುತ್ತ, ನನ್ನ ದೇಶದ ಮಾತು ಎತ್ತಿದರು. ಅಪ್ಪನಿಗೆ ಲಿಕ್ಟೆನ್‌ಸ್ಟೈನ್ ಎಂದರೆ ‘ನಿನ್ನ ದೇಶ’. ಅದರ ಒಂದು ಕಥೆ ಅವರಿಗೆ ಇಷ್ಟ.

‘ಆ ಪೌಜಿನ ಕಥಿ ಹೇಳು ಒಮ್ಮಿ.’

ಹೇಳಿದೆ. ಹಿಂದೊಮ್ಮೆ ಆ ದೇಶಕ್ಕೆ ಎಂಬತ್ತು ಜನರ ಸೈನ್ಯವಿತ್ತು. ಯಾರದೋ ಯುದ್ಧಕ್ಕೆಂದು ಹೋಗಿ ಒಂದು ಪರ್ವತದ ದಾರಿ ಕಾದರು. ವೈರಿ ಬರಲೇ ಇಲ್ಲ. ಮರಳಿ ಊರಿಗೆ ಬಂದಾಗ ಎಂಬತ್ತೊಂದು ಜನರಿದ್ದರು. ದಾರಿಯಲ್ಲಿ ಯಾರೋ ಒಬ್ಬ ಗೆಳೆಯನಾಗಿ ಜೊತೆಗೆ ಬಂದುಬಿಟ್ಟಿದ್ದ. ಮುಂದೆ ಆ ದೇಶ ಸೈನ್ಯವನ್ನೇ ತೆಗೆದುಹಾಕಿತು.

‘ಖರೆ ಏನದು?’

‘ಪೌಜು ತಗದದ್ದು ಖರೆ. ಎಂಬತ್ತೊಂದನೇದವ ಖರೆನೋ ಸುಳ್ಳೋ ಗೊತ್ತಿಲ್ಲಪಾ.’

‘ಅಷ್ಟ ವರ್ಷ ಓದಿ ಗೊತ್ತಿಲ್ಲ?’ ಅಪ್ಪ ನಕ್ಕರು. ‘ಅಂವ ಬಂದಿರಬೇಕು ಬಿಡು. ಉಣ್ಣಾಕ ಹಾಕ್ತಾರ ಅಂತ ಬಂದಿರ್ತಾನ.’

ನಿಕಾಹ್‌ಗೆ ಇನ್ನೂ ದಿನಗಳಿದ್ದವು. ಗೊತ್ತು ಮಾಡಿದ ದಿನ ಅಪ್ಪ ಮತ್ತು ನಾನು ಹಿಂಜಿದ ಹತ್ತಿಯ ಮೂಟೆ ಹೊತ್ತು ಲಕ್ಷ್ಮೇಶ್ವರಕ್ಕೆ ಹೋದೆವು. ಕಾಕಾ ಮತ್ತು ತಂಗಿ ಶಿರಹಟ್ಟಿಯ ಕಡೆಯಿಂದ ಆಟೋದಲ್ಲಿ ಬಂದರು. ಅವರದೂ ಒಂದು ಮೂಟೆ. ಅಪ್ಪ ಅಂಗಳದ ಬೇವಿನ ಗಿಡದ ಕಡೆಗೆ ನೋಡುತ್ತ ನಿಂತರು, ಕಾಕಾ ಗೋಡೆಯ ಕಡೆಗೆ. ಅತ್ತೆ ಹೊಸ್ತಿಲ ಮೇಲೆ ಕೂತು ಇಬ್ಬರಿಗೂ ಕೇಳುವಂತೆ, ‘ಚಾ ಕುಡೀರಿ’ ಅಂದರು. ಯಾರಿಗೆಂದು ಹೆಸರು ಹೇಳಲಿಲ್ಲ. ಇಬ್ಬರೂ ಕುಡಿದರು.

ಅಂಗಳದಲ್ಲಿ ಎರಡು ಗುಡ್ಡೆಗಳಾದವು. ಬಿಲ್ಲಿನ ಹತ್ತಿ ಮೋಡದ ಹಾಗೆ ಮೇಲೆದ್ದು ನಿಂತಿತ್ತು. ಮಶಿನ್ನಿನ ಹತ್ತಿ ಹೆಚ್ಚು ಬೆಳ್ಳಗೆ, ಹೆಚ್ಚು ಒತ್ತಾಗಿ ಕಂಡಿತು. ತಂಗಿ ಪಟ್ಟಿ ಬಟ್ಟೆಯ ಗಾದಿಚೀಲವನ್ನು ಹಾಸಿ, ಅದರ ಬಾಯಿ ಅಗಲಿಸಿ ಹಿಡಿದು ಕೂತಳು. ಅಪ್ಪ ತೋಳು ಮಡಚಿ ಮುಂದೆ ಬಂದರು. ಮೊದಲ ಹಿಡಿ.

ಆಗ ನಮಗೆಲ್ಲ ಒಟ್ಟಿಗೆ ಹೊಳೆಯಿತು. ಕೆಳಗಿನದು ಮಶಿನ್ನಿನದು ಎಂದರೆ ಮೊದಲ ಹಿಡಿಯೂ ಮಶಿನ್ನಿನದೇ. ತಲೆಮಾರುಗಳಿಂದ ಗಾದಿ ತುಂಬಿದ ಮನೆಯವರು ನಾವು. ಗಾದಿ ಕೆಳಗಿನಿಂದ ತುಂಬುತ್ತದೆ ಎಂಬುದು ಯಾರ ತಲೆಗೂ ಬಂದಿರಲಿಲ್ಲ. ಷರತ್ತು ಹಾಕಿದ ಅತ್ತೆಗೂ, ಒಪ್ಪಿದ ಇಬ್ಬರಿಗೂ, ಒಪ್ಪಂದಗಳನ್ನೇ ಓದಿ ಬದುಕಿದ ನನಗೂ.

ಕಾಕಾ ಗೋಡೆಯಿಂದ ಮುಖ ತಿರುಗಿಸಿದರು. ಅತ್ತೆಯ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಅಪ್ಪ ಎರಡು ಗುಡ್ಡೆಗಳ ನಡುವೆ ನಿಂತಿದ್ದರು. ತಂಗಿ ತಲೆ ಎತ್ತದೆ ಚೀಲದ ಬಾಯಿಯನ್ನು ಇನ್ನಷ್ಟು ಅಗಲಿಸಿದಳು, ಅಷ್ಟೇ. ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳಿಸಿತು ಎಂದು ಬರೆಯಬೇಕೆನಿಸುತ್ತದೆ, ಆದರೆ ಇನ್ನೂ ಅಷ್ಟು ಹೊತ್ತಾಗಿರಲಿಲ್ಲ.

ಅಪ್ಪ ಬಗ್ಗಿ ಮಶಿನ್ನಿನ ಹತ್ತಿಯನ್ನು ಕೈಗೆ ತೆಗೆದುಕೊಂಡರು. ಚಿಟಿಕೆಯಷ್ಟು ಎಳೆದು ನೋಡಿದರು, ಕಾಣುವ ಬಲಗಣ್ಣಿನ ಹತ್ತಿರ ಹಿಡಿದರು. ಕೆನ್ನೆಗೆ ಒರೆಸಿಕೊಂಡರು. ಹತ್ತಿ ಕೊಳ್ಳುವಾಗ ಅವರು ಹಾಗೆ ಮಾಡುವುದನ್ನು ನಾನು ಸಣ್ಣಂದಿನಿಂದ ನೋಡಿದ್ದೇನೆ. ಆಮೇಲೆ ಹಿಡಿ ತುಂಬ ಎತ್ತಿ, ‘ಬಿಸ್ಮಿಲ್ಲಾ’ ಎಂದು ಚೀಲದ ಮೂಲೆಯವರೆಗೆ ಕೈ ತೂರಿಸಿ ಇಟ್ಟು ಬಂದರು. ತಂಗಿಯ ತಲೆಯ ಮೇಲೆ ಅದೇ ಕೈ ಇಟ್ಟರು. ಅವಳ ಕೂದಲಲ್ಲಿ ಬಿಳಿ ಎಳೆ ಉಳಿಯಿತು.

ಉಳಿದದ್ದನ್ನು ಎಲ್ಲರೂ ತುಂಬಿದೆವು. ಕೋಲಿನಿಂದ ಬಡಿದು ಸಮ ಮಾಡಿದೆವು. ಬಾಯಿ ಹೊಲಿದಾಯಿತು. ಇನ್ನು ಗಾದಿಗೆ ಟಾಕಿ ಹಾಕುವುದು, ಅಂದರೆ ಹತ್ತಿ ಸರಿಯದಂತೆ ಅಲ್ಲಲ್ಲಿ ಈ ಮೈಯಿಂದ ಆ ಮೈಗೆ ದಾಟಿಸಿ ಹೊಲಿಯುವುದು. ಬೇರೆಯವರು ಗಾದಿಯನ್ನು ನೆಲದ ಮೇಲೆ ಹಾಸಿಯೇ ಒಬ್ಬೊಬ್ಬರೇ ಟಾಕಿ ಹಾಕುತ್ತಾರೆ. ನಮ್ಮಜ್ಜ ಹಚ್ಚಿದ ಪದ್ಧತಿ ಬೇರೆ. ಮದುವೆಯ ಗಾದಿಯನ್ನು ಎರಡು ಹೊರಸು ಮಂಚಗಳ ನಡುವೆ ಗೋಡೆಯ ಹಾಗೆ ನಿಲ್ಲಿಸಬೇಕು, ಆ ಕಡೆ ಒಬ್ಬ ಈ ಕಡೆ ಒಬ್ಬ ಕೂರಬೇಕು. ಒಬ್ಬ ದಬ್ಬಣ ಚುಚ್ಚಿ ‘ಹಿಡಿ’ ಅನ್ನಬೇಕು. ಆ ಕಡೆಯವನು ಅಂಗೈಯಿಂದ ಗಾದಿ ಒತ್ತಿ ಹಿಡಿದಿರುತ್ತಾನೆ. ಕೂಗು ಕೇಳಿ ಕೈ ಸರಿಸಿ, ದಬ್ಬಣ ಎಳೆದುಕೊಂಡು, ತನ್ನ ಕಡೆಯಿಂದ ಚುಚ್ಚಿ ‘ಹಿಡಿ’ ಅನ್ನಬೇಕು. ಅನ್ನದಿದ್ದರೆ ದಬ್ಬಣ ಅಂಗೈಗೆ ಇಳಿಯುತ್ತದೆ. ಹುಡುಗರಿದ್ದಾಗ ಅಪ್ಪ ಮತ್ತು ಕಾಕಾ ಹೀಗೆ ಎಷ್ಟೋ ಗಾದಿ ಮಾಡಿದ್ದರು.

ಇಬ್ಬರೂ ತಮ್ಮ ತಮ್ಮ ಹಳೆಯ ಕಡೆ ಹೋಗಿ ಕೂತರು. ಯಾರೂ ಹೇಳಬೇಕಾಗಲಿಲ್ಲ. ನಡುವೆ ಹತ್ತಿಯ ಗೋಡೆ. ನಾನು ಒಂದು ತುದಿಗೆ ದಾರಕ್ಕೆ ಮೇಣ ಹಚ್ಚುತ್ತ ಕೂತಿದ್ದೆ, ತಂಗಿ ಇನ್ನೊಂದು ತುದಿಗೆ ಗಾದಿ ಹಿಡಿದಿದ್ದಳು. ಮೊದಲ ಟಾಕಿಗಳು ಸುಮ್ಮನೆ ಬಿದ್ದವು. ದಬ್ಬಣದ ಮೊನೆ ಬಟ್ಟೆಯಲ್ಲಿ ಸಣ್ಣಗೆ ಉಬ್ಬಿ, ಕಾದು, ತುಸು ತುಸುವೇ ಹೊರಬರುತ್ತಿತ್ತು. ಆ ಕಡೆಯ ಕೈ ಮುಟ್ಟಿ ನೋಡಿ ಎಳೆದುಕೊಳ್ಳುತ್ತಿತ್ತು. ಎಷ್ಟು ನಿಧಾನವೆಂದರೆ ಸಂಜೆಯಾದರೂ ಮುಗಿಯುವಂತಿರಲಿಲ್ಲ. ಬಿಸಿಲು ಬೇವಿನ ಎಲೆಗಳಲ್ಲಿ ಹಾದು ಗಾದಿಯ ಪಟ್ಟಿಗಳ ಮೇಲೆ ಅಲ್ಲಾಡುತ್ತಿತ್ತು. ಗಾಳಿಯಲ್ಲಿ ಹತ್ತಿ. ನನಗೆ ಜೋಂಪು ಹತ್ತಿದ ಹಾಗೆ. ಗಾದಿ ಬೆಳೆದು ಕಪ್ಪತಗುಡ್ಡವಾಯಿತು, ಅದರ ನೆತ್ತಿಯಲ್ಲಿ ಒಂದು ಸಣ್ಣ ಪೌಜು ಬರದ ವೈರಿಯನ್ನು ಕಾಯುತ್ತ ಕೂತಿತ್ತು.

ಅಪ್ಪನ ಎಡಗಣ್ಣು ಕಾಣುವುದಿಲ್ಲ ಎಂಬುದು ಕಾಕಾನಿಗೆ ಗೊತ್ತಿತ್ತು. ಕಾಕಾನಿಗೆ ಸಕ್ಕರೆ ಇದೆ, ಗಾಯವಾದರೆ ಮಾಯುವುದಿಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ಅತ್ತೆ ಇಷ್ಟು ವರ್ಷ ಒಯ್ದದ್ದು ಅದನ್ನೇ.

‘ಹಿಡಿ.’

ಕೇಳಿಸಿತು. ಗಾದಿಯ ಒಳಗಿನಿಂದಲೇ ಬಂದಂತೆ, ದಪ್ಪಗೆ, ಮೆತ್ತಗೆ. ದಬ್ಬಣ ಸರ್ರನೆ ದಾಟಿತು. ಸ್ವಲ್ಪ ತಡೆದು ಮತ್ತೊಂದು ‘ಹಿಡಿ.’ ಆಮೇಲೆ ತಡೆಯಲಿಲ್ಲ. ಹಿಡಿ, ಹಿಡಿ, ಹಿಡಿ. ಅಣ್ಣ ತಮ್ಮಂದಿರ ಧ್ವನಿ ಒಂದೇ. ಫೋನಿನಲ್ಲಿ ಕೇಳಿದರೆ ಅತ್ತೆಯೇ ಮೋಸ ಹೋಗುತ್ತಾರೆ. ಕೊನೆಯ ಸಾಲಿಗೆ ಬಂದಾಗ ಆ ಕಡೆಯಿಂದ ಕಾಕಾ, ‘ಅಣ್ಣಾ, ದಾರ ಬಿಗಿ ಆಗೇತಿ’ ಅಂದರು. ಈ ಕಡೆಯಿಂದ ಅಪ್ಪ, ‘ಸಡಲ ಮಾಡ್ತೀನಿ ತಡಿ’ ಅಂದರು. ಅದನ್ನು ಕೇಳಿ ತಂಗಿ ಗಾದಿಗೆ ಮುಖ ಒತ್ತಿಕೊಂಡು ನಿಂತಳು. ಅತ್ತೆ ಒಳಗೆ ಹೋಗಿ ಮತ್ತೆ ಚಹಕ್ಕಿಟ್ಟರು.

ಆ ಗಾದಿ ಈಗ ಹೊಂಬಳದಲ್ಲಿ ತಂಗಿಯ ಗಂಡನ ಮನೆಯಲ್ಲಿದೆ. ನಿಕಾಹ್‌ನ ದಿನ ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು, ಬಂದವರಿಗೆಲ್ಲ ಕಾಕಾ, ‘ನಮ್ಮಣ್ಣ’ ಎಂದು ತೋರಿಸುತ್ತಿದ್ದರು.

ಆದರೆ ಒಂದು ವಿಷಯ ಬಗೆಹರಿದಿರಲಿಲ್ಲ. ಲಕ್ಷ್ಮೇಶ್ವರದಿಂದ ಮರಳುವ ದಿನ ಬಸ್ಸಿನಲ್ಲಿಯೇ ಅಪ್ಪ ನನ್ನ ಮೊಣಕೈ ತಿವಿದರು.

‘ಮೊದಲ “ಹಿಡಿ” ಅಂದಾಂವ ತಮ್ಮ, ಹೌದಲಾ?’

ಮರುದಿನ ಮುಂಜಾನೆ ಕಾಕಾನ ಫೋನು. ‘ಮೊದಲ ಮಾತಾಡಿದಾಂವ ಅಣ್ಣ, ಹೌದಲಾ? ನೀ ಅಲ್ಲೇ ಇದ್ದಿಯಲಾ.’

ನಾನು ಅಲ್ಲೇ ಇದ್ದೆ. ಈ ಸಲ ಧಾರವಾಡದಲ್ಲಿರಲಿಲ್ಲ. ಆದರೂ ಆ ಮೊದಲ ‘ಹಿಡಿ’ಯನ್ನು ನೆನೆದಾಗ ಒಮ್ಮೆ ಅದು ಎಡಗಡೆಯಿಂದ ಬರುತ್ತದೆ, ಒಮ್ಮೆ ಬಲಗಡೆಯಿಂದ. ತಂಗಿಯನ್ನು ಕೇಳಿದರೆ ದೊಡ್ಡಪ್ಪ ಎನ್ನುತ್ತಾಳೆ. ಅತ್ತೆಯನ್ನು ಕೇಳಿದಾಗ, ‘ಇಬ್ಬರೂ ಸುಮ್ಮ ಕುಂತಿದ್ರು, ನಾನ ಹೊಸ್ತಿಲದಾಗಿಂದ ಅಂದೆ’ ಎಂದರು. ಅದನ್ನೂ ಸುಳ್ಳೆನ್ನಲು ನನ್ನ ಹತ್ತಿರ ಆಧಾರವಿಲ್ಲ.

ನಾನು ಓದಿದ ದೇಶಕ್ಕೂ ಒಂದು ಹಳೆಯ ಮಾತುಬಿಟ್ಟ ಸಂಬಂಧವಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ ಚೆಕೊಸ್ಲೊವಾಕಿಯಾ ಅಲ್ಲಿನ ರಾಜಮನೆತನದ ಜಮೀನು ವಶ ಮಾಡಿಕೊಂಡಿತ್ತು. ಆರು ದಶಕ ಕಳೆದು, ಆ ದೇಶ ಒಡೆದು ಎರಡಾದರೂ ಒಬ್ಬರು ಇನ್ನೊಬ್ಬರನ್ನು ದೇಶವೆಂದು ಒಪ್ಪಲಿಲ್ಲ. ಆಮೇಲೆ ಒಂದು ದಿನ ಸಂಬಂಧ ಕೂಡಿತು. ತಪ್ಪು ಯಾರದೆಂದು ಆವತ್ತೂ ತೀರ್ಮಾನವಾಗಿರಲಿಲ್ಲ. ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ, ಮೊದಲು ಕೈ ಚಾಚಿದವರು ಯಾರು ಎಂದು ಒಬ್ಬ ಹುಡುಗಿ ಕೇಳಿದ್ದಳು. ಹುಡುಕಿ ಹೇಳುತ್ತೇನೆ ಎಂದಿದ್ದೆ.

ಹೋದ ವಾರ ಅಪ್ಪ ಮತ್ತೆ ಕೇಳಿದರು. ಬೆಟಗೇರಿಯ ಮನೆಯ ಪಡಸಾಲೆ, ಹೊರಗೆ ಮಗ್ಗದ ಸಪ್ಪಳ.

‘ಖರೆ ಹೇಳು. ಮೊದಲ ಅಂದಾಂವ ತಮ್ಮ ಅಲಾ?’

ನಾನು ಕಣ್ಣು ಮುಚ್ಚಿ ಇನ್ನೊಮ್ಮೆ ಆ ಅಂಗಳಕ್ಕೆ ಹೋದೆ. ಬಿಸಿಲು ಬಂತು, ಹತ್ತಿ ಬಂತು, ಧ್ವನಿಯೂ ಬಂತು. ಮುಖ ಬರಲಿಲ್ಲ.

‘ನೆನಪಿಲ್ಲಪಾ’ ಎಂದೆ. ‘ಖರೆನ ನೆನಪಿಲ್ಲ.’

ಅಪ್ಪ ದಿಂಬಿನ ಕೆಳಗಿನಿಂದ ಫೋನು ತೆಗೆದು, ಕಣ್ಣಿನ ಹತ್ತಿರ ಹಿಡಿದು ಒತ್ತಿದರು.

‘ಲೇ ತಮ್ಮಾ, ನಮ್ಮ ಡಾಕ್ಟರ್‌ಗೂ ನೆನಪಿಲ್ಲಂತ ಲೇ.’

ಆ ಕಡೆಯ ನಗು ನನಗೂ ಕೇಳಿಸಿತು. ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ಹೊರಳಿ ಕೂತರು. ಮಾತು ಉದ್ದವಾಗುತ್ತ ಹೋಯಿತು. ಮಶಿನ್ನಿನ ಬೆಲ್ಟಿನದು, ಎಡಗಣ್ಣಿನ ಆಪರೇಶನ್‌ದು, ಯಾವ ಬಸ್ಸಿಗೆ ಬಂದರೆ ಸೀಟು ಸಿಗುತ್ತದೆ ಎಂಬುದು. ನಾನು ಎದ್ದು ಹೊರಗೆ ಬಂದೆ.